ಸೂರಿನಲ್ಲಿ ನಿಂತುಬಿಟ್ಟ ನೀರು

ತೀರ್ಥಹಳ್ಳಿ ಹತ್ತಿರದ ಅದೇ ಹಳೇ ಮನೆಯಿಂದ,
ಮಾಗಿಯ ಒಂದು ರಾತ್ರಿ

ಪ್ರೀತಿಯ ಗೆಳೆಯಾ,

ಬಾಸ್ಟನ್ನಿನಿಂದ ನೀನು ಕಳಿಸಿದ ಫೋಟೋ ನೋಡಿದೆ. ಮನೆ ಸೂರಿನ ಉದ್ದಕ್ಕೂ ಐಸ್ ಕೋಲುಗಳು ಇಳಿಬಿದ್ದಿವೆ. ಒಂದು ಗೇಣುದ್ದ, ಇನ್ನೊಂದು ಮೊಳದುದ್ದ, ಮೂಲೆಯಲ್ಲಿರೋದಂತೂ ನೆಲ ಮುಟ್ಟಲಿಕ್ಕೇ ಹೊರಟಿದೆ. ನಿನ್ನ ಮಗಳು ಒಂದನ್ನು ಮುರಿದುಕೊಂಡು ಕತ್ತಿವರಸೆಗೆ ನಿಂತಿದ್ದಾಳೆ. ಕೆಳಗೆ ನೀನು ಬರೆದದ್ದು ಒಂದೇ ಸಾಲು, 'ಇದನ್ನ ನೋಡಿದ್ರೆ ನಮ್ಮ ಬಾಲ್ಯ ನೆನಪಾಗುತ್ತೆ ಕಣೋ.' ಊಟಕ್ಕೆ ಕೂತಾಗ ಓದಿ ಹೇಳಿದೆ. ಅಮ್ಮ ನಕ್ಕಿದ್ದೇ ನಕ್ಕಿದ್ದು. 'ಅವನ ಬಾಲ್ಯದಲ್ಲಿ ಐಸ್ ಎಲ್ಲಿತ್ತಂತೆ? ಚಳಿಗಾಲದಲ್ಲಿ ಹಂಡೆ ಒಲೆ ಮುಂದಿಂದ ಎದ್ದವನೇ ಅಲ್ಲ' ಅಂದರು.

ಅಮ್ಮ ಹೇಳಿದ್ದು ಸುಳ್ಳಲ್ಲ. ನಮ್ಮಲ್ಲಿ ಮಾಗಿ ಚಳಿ ಅಂತ ಎಷ್ಟೇ ಹಲ್ಲು ಕಡಿದರೂ ಬೆಳಗಿನ ಜಾವ 15 ಡಿಗ್ರಿಯ ಆಸುಪಾಸು. ನೀರು ಗಟ್ಟಿಯಾಗಬೇಕಾದರೆ ಸೊನ್ನೆಗೆ ಇಳಿಯಬೇಕು. ಕೊಡಚಾದ್ರಿ 1,343 ಮೀಟರ್ ಎತ್ತರ ಇದೆ, ಅದರ ನೆತ್ತಿ ಮೇಲೂ ಐಸ್ ಕಟ್ಟಿದ್ದನ್ನು ಯಾರೂ ಕಂಡಿಲ್ಲ. ಹಾಗಾಗಿ ಊರು ಬಿಟ್ಟು ಬಹಳ ಕಾಲ ಆದವರಿಗೆ ಕಂಡದ್ದೆಲ್ಲ ಊರಿನ ಹಾಗೇ ಕಾಣುತ್ತೆ ಅಂತ ನಾನೂ ಸುಮ್ಮನಾಗಿದ್ದೆ. ಮಲಗೋ ಮುಂಚೆ ಮತ್ತೊಂದು ಸಲ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಆಗ ಗೊತ್ತಾಯಿತು ನಿನಗೆ ನೆನಪಾದದ್ದು ಯಾವುದು ಅಂತ. ನಿನಗೆ ನೆನಪಾದದ್ದು ನಮ್ಮ ಚಳಿಗಾಲವೇ ಅಲ್ಲ ಮಾರಾಯ, ಮಳೆಗಾಲ. ಅಲ್ವಾ?

ಜಗಲಿ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದೆವಲ್ಲ. ಎದುರಿಗೆ ಮಾಡಿನ ನೀರು. ಮಂಗಳೂರು ಹೆಂಚಿನ ಮಾಡಿನಲ್ಲಿ ನೀರು ಎಲ್ಲೆಂದರಲ್ಲಿ ಬೀಳೋದಿಲ್ಲ. ಪ್ರತಿ ಹೆಂಚಿಗೂ ತನ್ನದೇ ಕಾಲುವೆ, ಪ್ರತಿ ಕಾಲುವೆಗೂ ತನ್ನದೇ ಧಾರೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಲ್ಲಿ ಕಾರ್ಖಾನೆ ಶುರು ಮಾಡಿ ಘಟ್ಟದ ಮೇಲೆಲ್ಲ ಒಂದೇ ಅಚ್ಚಿನ ಹೆಂಚು ಹಬ್ಬಿಸಿದ್ದರಿಂದ ನಮ್ಮ ಸೀಮೆಯ ಎಲ್ಲ ಮನೆಗಳಲ್ಲೂ ಮಳೆ ಒಂದೇ ಅಳತೆಯಲ್ಲಿ ಇಳಿಯುತ್ತೆ. ನಿಮ್ಮ ಮನೆ ಧಾರೆ ನಮ್ಮ ಮನೆ ಧಾರೆ ಬೇರೆ ಅಂತ ಇರಲೇ ಇಲ್ಲ. ಮಳೆ ಸಣ್ಣದಾದಾಗ ಧಾರೆ ತುಂಡಾಗಿ ಹನಿಯಾಗುತ್ತಿತ್ತು, ಮತ್ತೆ ಜೋರಾದರೆ ಹನಿ ಸೇರಿ ಧಾರೆ. ಎಡಗಡೆಯಿಂದ ಎಷ್ಟನೇ ಧಾರೆ ಮೊದಲು ನಿಲ್ಲುತ್ತೆ ಅಂತ ಬಾಜಿ ಕಟ್ಟುತ್ತಿದ್ದೆವು. ಗೆದ್ದವನಿಗೆ ಸುಟ್ಟ ಹಲಸಿನ ಬೀಜ. ಬಾಜಿಯಲ್ಲಿ ನೀನು ಮೋಸ ಮಾಡುತ್ತಿದ್ದೆ, ಕೋಲು ಹಾಕಿ ಹೆಂಚಿನ ಕಾಲುವೆಗೆ ಎಲೆ ಸಿಕ್ಕಿಸಿ. ಈಗ ಹೇಳಿದರೆ ಏನಂತೆ, ನನಗೆ ಆಗಲೇ ಗೊತ್ತಿತ್ತು.

ಸೂರಿನ ಕೆಳಗಿನ ನೆಲ ನೆನಪಿದೆಯಾ? ಧಾರೆ ಬಿದ್ದಲ್ಲೆಲ್ಲ ಒಂದೊಂದು ಗುಳಿ. ಹೆಂಚಿನ ಲೆಕ್ಕಕ್ಕೆ ಸರಿಯಾಗಿ, ಸೂಜಿದಾರ ಹಿಡಿದು ಗುರುತು ಮಾಡಿದಷ್ಟು ನೇರ. ಗುಳಿಯೊಳಗಿನ ಮಣ್ಣೆಲ್ಲ ಕೊಚ್ಚಿ ಹೋಗಿ ತಳದಲ್ಲಿ ಬರೀ ಹರಳು ಉಳಿದಿರುತ್ತಿತ್ತು. ಬಿಳಿ ಹರಳು, ಕಾಗೆಬಂಗಾರದ ಚೂರು ಅಂಟಿದ ಹರಳು, ಕೆಲವೊಂದು ಸಲ ಯಾವ ಕಾಲದಲ್ಲೋ ಒಡೆದ ಬಳೆ ಚೂರು. ಆಷಾಢದ ಮಧ್ಯದ ಹೊತ್ತಿಗೆ ಆ ಹರಳು ತೊಳೆದು ತೊಳೆದು ಎಷ್ಟು ಚೊಕ್ಕ ಆಗಿರುತ್ತಿದ್ದವು ಅಂದರೆ, ಕೈ ಹಾಕಿ ತೆಗೆದರೆ ಒಂದು ಕಣ ಮಣ್ಣು ಬೆರಳಿಗೆ ಹತ್ತುತ್ತಿರಲಿಲ್ಲ. ಅಂಗಳಕ್ಕೆ ಸಿಮೆಂಟ್ ಹಾಕಿಸಿದ ಮೇಲೆ ಗುಳಿ ಇಲ್ಲ. ಆ ಒಂದು ವಿಷಯಕ್ಕೆ ನನಗೆ ಸಿಮೆಂಟಿನ ಮೇಲೆ ಈಗಲೂ ಸಿಟ್ಟಿದೆ. ಹಿತ್ತಲ ಕಡೆ ಮಾತ್ರ ಹಾಕಿಸಿಲ್ಲ, ಅಲ್ಲಿ ಹೋಗಿ ನೋಡಬಹುದು.

ನಿನ್ನ ಫೋಟೋದಲ್ಲಿ ಇರುವುದು ಅದೇ ಧಾರೆ. ನಿಂತುಬಿಟ್ಟಿದೆ ಅಷ್ಟೇ. ನಮ್ಮಲ್ಲಿ ಸೂರು ಬಿಟ್ಟ ನೀರು ಹಳ್ಳ ಸೇರಿ ತುಂಗೆಗೆ ಹೋಗುತ್ತೆ. ನಿನ್ನಲ್ಲಿ ಸೂರಿಗೇ ನೇತುಬಿದ್ದು ಮಾರ್ಚ್ ತನಕ ಯೋಚನೆ ಮಾಡುತ್ತೆ.

ಫೋಟೋ ನೋಡಿದ ಮೇಲೆ ತಲೆಗೆ ಹುಳ ಬಿಟ್ಟುಕೊಂಡೆ. ಇಡೀ ಊರು ಸೊನ್ನೆಗಿಂತ ಕೆಳಗಿರುವಾಗ ತೊಟ್ಟಿಕ್ಕೋದಕ್ಕೆ ನೀರು ಎಲ್ಲಿಂದ ಬರುತ್ತೆ? ಹುಡುಕಿ ಓದಿದೆ. ಕೇಳು, ನಿನಗೆ ಖರ್ಚಿನ ವಿಷಯ ಇದೆ ಇದರಲ್ಲಿ. ಬಿಸಿಲಿಗೂ ಸ್ವಲ್ಪ ಕರಗುತ್ತೆ, ಸರಿ. ಆದರೆ ಜಾಸ್ತಿ ಕರಗಿಸೋದು ನೀನು ಮನೆಯೊಳಗೆ ಉರಿಸುವ ಹೀಟರ್. ಆ ಶಾಖ ಅಟ್ಟಕ್ಕೆ ಹತ್ತಿ, ಮಾಡಿಗೆ ತಾಗಿ, ಮೇಲೆ ಕೂತ ಹಿಮವನ್ನು ಅಡಿಯಿಂದ ಕರಗಿಸುತ್ತೆ. ನೀರು ಜಾರಿ ಸೂರಿಗೆ ಬರುತ್ತೆ. ಸೂರು ಗೋಡೆಯಿಂದ ಆಚೆ ಚಾಚಿಕೊಂಡಿರೋದರಿಂದ ಅದರ ಕೆಳಗೆ ಬೆಚ್ಚಗಿನ ಕೋಣೆ ಇಲ್ಲ, ಅಲ್ಲಿಗೆ ಬಂದ ನೀರು ಮತ್ತೆ ಹೆಪ್ಪುಗಟ್ಟುತ್ತೆ. ಕೋಲು ಉದ್ದ ಬಂದಷ್ಟೂ ನಿನ್ನ ಕರೆಂಟೋ ಗ್ಯಾಸೋ ಮಾಡಿನ ಮೂಲಕ ಆಕಾಶಕ್ಕೆ ಹೋಗುತ್ತಿದೆ ಅಂತ ಲೆಕ್ಕ. ಸೂರಿನ ಅಂಚಲ್ಲಿ ಐಸಿನ ಕಟ್ಟೆಯೇ ಕಟ್ಟಿಬಿಟ್ಟರೆ ಇನ್ನೂ ಕಷ್ಟ, ಹಿಂದೆ ನಿಂತ ನೀರು ಮಾಡಿನ ಹಲಗೆ ಸಂದಿಗೆ ನುಗ್ಗಿ ಮನೆಯೊಳಗೆ ಸೋರುತ್ತಂತೆ. ಅಟ್ಟದ ನೆಲಕ್ಕೆ ಶಾಖ ತಡೆಯುವ ಹಾಸು ಸರಿಯಾಗಿ ಹಾಕಿಸು, ಅಟ್ಟ ತಣ್ಣಗೇ ಇರಲಿ.

ಇಲ್ಲಿ ಅಟ್ಟ ತಣ್ಣಗಿದ್ದರೆ ಬೈಸಿಕೊಳ್ಳಬೇಕು. ಹೊಗೆ, ಶಾಖ ಎಲ್ಲ ಅಟ್ಟಕ್ಕೇ ಹೋಗಲಿ ಅಂತಲೇ ನಮ್ಮ ಅಜ್ಜಂದಿರು ಮನೆ ಕಟ್ಟಿದ್ದು. ಅಡಿಕೆ, ಕಾಳುಮೆಣಸು, ಬಿತ್ತನೆ ಬೀಜ, ಮಳೆಗಾಲದ ಸೌದೆ ಎಲ್ಲ ಅಲ್ಲೇ ತಾನೆ ಇರೋದು. ನಮ್ಮ ಮಾಡು ಸೋರಿದರೆ ಕಾರಣ ಒಂದೇ, ಮಂಗ.

ಇನ್ನೊಂದು ವಿಷಯ ಓದಿ ಖುಷಿಯಾಯಿತು. ಫೋಟೋ ದೊಡ್ಡದು ಮಾಡಿದರೆ ಕೋಲಿನ ಮೈಮೇಲೆ ಅಡ್ಡ ಅಡ್ಡ ಗೆರೆ ಕಾಣುತ್ತೆ, ಉಬ್ಬು ತಗ್ಗು, ಉಬ್ಬು ತಗ್ಗು. ಒಂದು ಉಬ್ಬಿಂದ ಇನ್ನೊಂದಕ್ಕೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್. ಸಣ್ಣ ಕೋಲಾಗಲಿ ದೊಡ್ಡ ಕೋಲಾಗಲಿ, ಅಳತೆ ಅಷ್ಟೇ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಮೋರಿಸ್ ಎಂಬ ಭೌತವಿಜ್ಞಾನಿ ಮತ್ತು ಅವರ ವಿದ್ಯಾರ್ಥಿ ಲ್ಯಾಬಿನ ಶೀತಪೆಟ್ಟಿಗೆಯಲ್ಲಿ ಕೃತಕವಾಗಿ ಐಸ್ ಕೋಲು ಬೆಳೆಸಿ ನೋಡಿದರು. ಬಟ್ಟಿ ಇಳಿಸಿದ ಶುದ್ಧ ನೀರು ಹಾಕಿದರೆ ಕೋಲು ನುಣ್ಣಗೆ ಬರುತ್ತೆ, ಗೆರೆಯೇ ಇಲ್ಲ. ನಲ್ಲಿ ನೀರೋ, ಒಂದು ಚಿಟಿಕೆ ಉಪ್ಪು ಬಿದ್ದ ನೀರೋ ಆದರೆ ಗೆರೆ ಮೂಡುತ್ತೆ. 2013ರಲ್ಲಿ ಪ್ರಕಟಿಸಿದ್ದಾರೆ. ಅಂದರೆ ನಿನ್ನ ಸೂರಿನ ಕೋಲಿಗೆ ಗೆರೆ ಬಂದಿದೆ ಅಂದಮೇಲೆ ಆ ನೀರು ಶುದ್ಧ ಅಲ್ಲ. ಮಾಡಿನ ಮೇಲಿನ ಧೂಳು, ಹಕ್ಕಿ ಹಿಕ್ಕೆ ಎಲ್ಲ ಸೇರಿದೆ. ಮಗಳು ಅದನ್ನು ಚೀಪುತ್ತಿದ್ದರೆ ಬೇಡ ಅನ್ನು. ಬುಡದಲ್ಲಿ ನಿಲ್ಲಲೂ ಬಿಡಬೇಡ, ಕಳಚಿ ಬಿದ್ದರೆ ತಲೆಗೇ ಅಪಾಯ. 'ಸೂರಿನ ಕೆಳಗೆ ನಿಲ್ಲಬೇಡ್ರೋ' ಅಂತ ನಿನ್ನ ಅಜ್ಜಿ ಕೂಗುತ್ತಿದ್ದದ್ದನ್ನು ಈಗ ನೀನು ಇಂಗ್ಲಿಷಿನಲ್ಲಿ ಕೂಗಬೇಕು, ನೋಡು ಗ್ರಹಚಾರ.

ನಮ್ಮ ಚಳಿಗಾಲದಲ್ಲೂ ಗಟ್ಟಿಯಾಗುತ್ತಿದ್ದ ಒಂದು ವಸ್ತು ಇತ್ತು, ಮರೆತಿದ್ದೀಯ. ಕೊಬ್ಬರಿ ಎಣ್ಣೆ! ಅದು 24 ಡಿಗ್ರಿಗೆ ಇಳಿದರೆ ಸಾಕು, ಗಟ್ಟಿ. ದೀಪಾವಳಿ ಕಳೆಯುವ ಹೊತ್ತಿಗೆ ಬಚ್ಚಲಿನ ಕಿಟಕಿ ಮೇಲಿನ ಬಾಟಲಿ ಬೆಳ್ಳಗಾಗುತ್ತಿತ್ತು. ಬಾಯಿ ಸಣ್ಣ, ಎಣ್ಣೆ ಬರೋದಿಲ್ಲ. ಶಾಲೆಗೆ ಹೊತ್ತಾಗಿರುತ್ತಿತ್ತು. ಹಿಡಿಕಡ್ಡಿ ಚುಚ್ಚಿ ಎಳೆದರೆ ಕಡ್ಡಿಗೆ ಅಂಟಿ ಒಂದಿಷ್ಟು ಬೆಳ್ಳನೆ ಎಣ್ಣೆ. ಅಂಗೈಯಲ್ಲಿ ಉಜ್ಜಿದರೆ ಕರಗಿ ನೀರು. ಪುರುಸೊತ್ತಿದ್ದವರು ಬಾಟಲಿಯನ್ನು ಹಂಡೆ ಒಲೆಯ ಕಟ್ಟೆ ಮೇಲೆ ಇಡುತ್ತಿದ್ದರು. ಆಗ ಗಾಜಿಗೆ ತಾಗಿದ ಭಾಗ ಮೊದಲು ಕರಗಿ, ನಡುವಿನ ಬಿಳಿ ಗಟ್ಟಿ ಬಾಟಲಿಯೊಳಗೆ ಬಿಡಿಯಾಗಿ ನಿಲ್ಲುತ್ತಿತ್ತು. ಅಲುಗಿಸಿದರೆ ಅದೂ ಅಲುಗುತ್ತಿತ್ತು. ನಿನ್ನ ಐಸ್ ಕೋಲಿನ ಕಥೆ ಇದಕ್ಕೆ ಪೂರ್ತಿ ಉಲ್ಟಾ ಅಂತೆ. ಬೆಳೆಯುತ್ತಿರುವ ಕೋಲಿನ ತುದಿಯಲ್ಲಿ ಹೊರಗೆ ತೆಳ್ಳನೆ ಐಸು, ಒಳಗೆ ಇನ್ನೂ ನೀರು. ಮಗಳಿಗೆ ಹೇಳು, ಬೆಳೆಯುತ್ತಿರುವ ಕೋಲಿನ ತುದಿಯನ್ನೇ ಮುರಿದು ನೋಡಲಿ.

ಅಡಿಕೆ ಸುಲಿಯುವ ರಾತ್ರಿಗಳ ಬಗ್ಗೆ ನಿನಗೆ ಹೇಳಬೇಕಾದ್ದೇನೂ ಇಲ್ಲ. ಮೆಟ್ಟುಗತ್ತಿ ಸಾಲು, ಚೊಗರಿನ ವಾಸನೆ, ಬೇಯಿಸುವ ಒಲೆ ಪಕ್ಕ ಕಂಬಳಿ ಹೊದ್ದು ಕೂತ ನಾವು, ಬೂದಿಯೊಳಗೆ ಗೆಣಸು. ಈಗ ಸುಲಿಯೋ ಮೆಷಿನ್ ಬಂದಿದೆ, ಅದರ ಗಲಾಟೆಯಲ್ಲಿ ಕಥೆ ಹೇಳಲಿಕ್ಕಾಗೋದಿಲ್ಲ. ಕೆಲಸ ಮಾತ್ರ ಬೇಗ ಮುಗಿಯುತ್ತೆ, ಅದನ್ನು ಅಲ್ಲಗಳೆಯಬಾರದು. ಜನ ಸಿಗದೆ ಒದ್ದಾಡುವವನಿಗೆ ಕಥೆಗಿಂತ ಮೆಷಿನ್ನೇ ದೊಡ್ಡದು.

ಎಳ್ಳಮಾವಾಸ್ಯೆ ಜಾತ್ರೆ ಮೊನ್ನೆ ಮೊನ್ನೆ ಮುಗಿಯಿತು. ತುಂಗೆಯಲ್ಲಿ ಬೆಳಗಿನ ಜಾವದ ಮುಳುಗು, ರಾಮೇಶ್ವರನ ತೇರು, ರಾತ್ರಿ ತೆಪ್ಪೋತ್ಸವ, ಎಲ್ಲ ಅದೇ ಕ್ರಮ. ನಮಗೆ ಐಸ್ ಅಂತ ಕೈಗೆ ಸಿಗುತ್ತಿದ್ದದ್ದು ಅಲ್ಲೇ ಅಲ್ವಾ? ಪೂರ್ತಿ ವರ್ಷದಲ್ಲಿ ಅತಿ ಚಳಿ ಇರುವ ದಿನಗಳಲ್ಲಿ, ಸ್ವೆಟರ್ ಹಾಕಿಕೊಂಡು, ಮೂಗು ಸುರಿಸಿಕೊಂಡು ಐಸ್ ಕ್ಯಾಂಡಿ ತಿನ್ನುತ್ತಿದ್ದ ಮಕ್ಕಳು ನಾವು. ಕೆಂಪು ಇಲ್ಲವೇ ಕಿತ್ತಳೆ. ಬಣ್ಣವನ್ನೆಲ್ಲ ಎಳೆದೆಳೆದು ಚೀಪಿದ ಮೇಲೆ ಕಡ್ಡಿಯಲ್ಲಿ ರುಚಿಯಿಲ್ಲದ ಬಿಳಿ ಗಟ್ಟಿ ಉಳಿಯುತ್ತಿತ್ತು. ಮಾರುವವನು ಕಮ್ಮಿ ಸಕ್ಕರೆ ಹಾಕಿದ್ದಾನೆ ಅಂತ ನೀನು ಜಗಳಕ್ಕೆ ಹೋಗುತ್ತಿದ್ದೆ. ಪಾಪ, ಅವನದೇನೂ ತಪ್ಪಿರಲಿಲ್ಲ. ನೀರು ಹೆಪ್ಪುಗಟ್ಟುವಾಗ ತನ್ನ ಹರಳಿನೊಳಗೆ ಸಕ್ಕರೆಯನ್ನೂ ಬಣ್ಣವನ್ನೂ ಸೇರಿಸಿಕೊಳ್ಳೋದಿಲ್ಲ, ಆಚೆ ತಳ್ಳುತ್ತೆ. ಅವೆಲ್ಲ ಹರಳುಗಳ ಸಂದಿಯಲ್ಲಿ ಪಾಕವಾಗಿ ಉಳಿಯುತ್ತವೆ. ನಾವು ಚೀಪಿದಾಗ ಬರುತ್ತಿದ್ದದ್ದು ಆ ಸಂದಿಯ ಪಾಕ. ಉಳಿದದ್ದು ಬರೀ ನೀರು, ನಿನ್ನ ಸೂರಿನದೇ ಸರಕು.

ಆಲಿಕಲ್ಲು ಮಾತ್ರ ಪುಕ್ಕಟೆ. ಅದು ಚಳಿಗಾಲದ್ದಲ್ಲ, ಬೇಸಿಗೆಯದು. ಅಶ್ವಿನಿ ಇಲ್ಲಾ ಭರಣಿ ಮಳೆ, ಏಪ್ರಿಲ್ ಕೊನೆಯ ಕುದಿಯುವ ಮಧ್ಯಾಹ್ನ. ಹುಟ್ಟೋದು ಮೋಡದ ನೆತ್ತಿಯಲ್ಲಿ, ಅಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ. ಕೆಳಗಿಂದ ನುಗ್ಗುವ ಬಿಸಿಗಾಳಿ ಅದನ್ನು ಬೀಳಲು ಬಿಡದೆ ಎತ್ತಿ ಹಿಡಿಯುತ್ತೆ, ಅದರ ಮೈಗೆ ಪದರದ ಮೇಲೆ ಪದರ ಐಸು ಅಂಟುತ್ತೆ. ಭಾರ ತಡೆಯದಾದಾಗ ನಮ್ಮ ಹೆಂಚಿನ ಮೇಲೆ ದಡದಡ. ಹಿರಿಯರಿಗೆ ಅಡಿಕೆಯ ಹೂಗೊನೆ ಸಿಂಗಾರ ಉದುರಿಹೋಗುತ್ತಲ್ಲ ಅನ್ನೋ ಸಂಕಟ, ಅವರು ತೋಟದ ಕಡೆ ನೋಡುತ್ತ ಮಾತಿಲ್ಲದೆ ನಿಲ್ಲುತ್ತಿದ್ದರು. ನಾವು ಮೊರ ತಲೆ ಮೇಲೆ ಹಿಡಿದು ಅಂಗಳಕ್ಕೆ. ನೀನು ದೊಡ್ಡ ಕಲ್ಲೊಂದನ್ನು ಹಲ್ಲಲ್ಲಿ ಕಚ್ಚಿ ಎರಡು ಮಾಡಿ ಒಳಗೆ ತೋರಿಸಿದ್ದೆ. ಬಿಳಿ ಸುತ್ತು, ಗಾಜಿನ ಸುತ್ತು, ಮತ್ತೆ ಬಿಳಿ ಸುತ್ತು.

ಸಂಜೆ ಅಪ್ಪನಿಗೆ ತೋರಿಸಬೇಕು ಅಂತ ಅವನ್ನು ಉಮಿಯಲ್ಲಿ ಹುಗಿದು ಇಟ್ಟದ್ದು ನಿನ್ನದೇ ತಲೆ. ಚೊಂಬಿನಲ್ಲಿ ಇಟ್ಟಿದ್ದ ನನ್ನವು ಕರಗಿ ಎಷ್ಟೋ ಹೊತ್ತಾದ ಮೇಲೂ ನಿನ್ನವು ಒಂದೆರಡು ಬದುಕಿದ್ದವು. ಉಮಿಯ ಸಂದಿಯಲ್ಲಿ ನಿಂತ ಗಾಳಿ ಶಾಖ ದಾಟಲು ಬಿಡೋದಿಲ್ಲ. ನೀನು ಈಗಿರುವ ಊರಿನವರೇ ಈ ವಿದ್ಯೆಯಲ್ಲಿ ದುಡ್ಡು ಮಾಡಿದವರು, ಗೊತ್ತಾ? ಫ್ರೆಡೆರಿಕ್ ಟ್ಯೂಡರ್ ಅಂತ ಬಾಸ್ಟನ್ನಿನ ವ್ಯಾಪಾರಿ. ಚಳಿಗಾಲದಲ್ಲಿ ಅಲ್ಲಿನ ಕೆರೆಗಳ ಐಸ್ ಕೊಯ್ಸಿ, ಗರಗಸದ ಹೊಟ್ಟಿನಲ್ಲಿ ಹುದುಗಿಸಿ ಬಿಸಿ ದೇಶಗಳಿಗೆ ಹಡಗಿನಲ್ಲಿ ಕಳಿಸುತ್ತಿದ್ದ. 1833ರಲ್ಲಿ 'ಟಸ್ಕನಿ' ಎಂಬ ಹಡಗು 180 ಟನ್ ತುಂಬಿಕೊಂಡು ಹೊರಟು, ಸುಮಾರು ನಾಲ್ಕು ತಿಂಗಳು ತೇಲಿ ಕಲ್ಕತ್ತಾ ಮುಟ್ಟಿತು. ಆಗಲೂ ಹತ್ತಿರ ಹತ್ತಿರ 100 ಟನ್ ಉಳಿದಿತ್ತು. ಭೂಮಧ್ಯರೇಖೆಯನ್ನು ಎರಡು ಸಲ ದಾಟಿ! ಮದ್ರಾಸಿನ ಸಮುದ್ರ ದಂಡೆಯಲ್ಲಿ ಆ ಐಸ್ ಇಡಲಿಕ್ಕೆಂದೇ 1842ರಲ್ಲಿ ಕಟ್ಟಿದ ಕಟ್ಟಡ ಇನ್ನೂ ಇದೆ. 1897ರಲ್ಲಿ ವಿವೇಕಾನಂದರು ಅಲ್ಲಿ ತಂಗಿದ್ದರು, ಹಾಗಾಗಿ ಈಗ ಅದು ಅವರ ಹೆಸರಲ್ಲಿದೆ. ಬ್ರಿಟಿಷ್ ಸಾಹೇಬರ ಗ್ಲಾಸಿಗೆ ಬಿದ್ದದ್ದು ನಿನ್ನ ಮನೆ ಹತ್ತಿರದ ಯಾವುದೋ ಕೆರೆಯ ನೀರು. ನಿನ್ನ ಉಮಿ ಕಂಪನಿ ನೂರೈವತ್ತು ವರ್ಷ ತಡವಾಗಿ ಶುರುವಾಯಿತು, ಏನು ಮಾಡೋದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮುಂದಿನ ಡಿಸೆಂಬರಿಗೆ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ, ಹವೆ ಚೆನ್ನಾಗಿರುತ್ತೆ ಅಂದಿದ್ದೀಯ. ಬೇಡ. ವಿದೇಶದಲ್ಲಿರುವವರೆಲ್ಲ ಡಿಸೆಂಬರಿಗೇ ಬರುತ್ತಾರೆ. ಜೋಗದಲ್ಲಿ ನೀರಿರೋದಿಲ್ಲ, ಬಂಡೆ ನೋಡಿಕೊಂಡು, ಆಗುಂಬೆಯಲ್ಲಿ ಸೂರ್ಯಾಸ್ತದ ಫೋಟೋ ತೆಗೆದುಕೊಂಡು, ಮದುವೆ ಊಟ ಮಾಡಿ ವಾಪಸ್ಸು ಹೋಗುತ್ತಾರೆ. ನಿನ್ನ ಮಗಳಿಗೆ ಚಳಿ ತೋರಿಸಲು ಇಲ್ಲಿಗೆ ಕರೆತರುತ್ತೀಯಾ? ಅವಳು ಸೂರಿಗೆ ಐಸ್ ಕಟ್ಟುವ ಊರಿನವಳು, ನಮ್ಮ ಮಾಗಿಯನ್ನು ನೋಡಿ ಫ್ಯಾನ್ ಹಾಕಿ ಅನ್ನಬಹುದು.

ಜೂನ್ ಕೊನೆಗೆ ಬಾ. ಅವರ ಶಾಲೆಗೂ ಆಗಲೇ ರಜೆ ತಾನೆ. ಆರಿದ್ರಾ ಮಳೆ ಹಿಡಿದಿರುತ್ತೆ, ಪುನರ್ವಸು ಕಾದು ನಿಂತಿರುತ್ತೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆಯಲ್ಲಿ ಬಹುಪಾಲು ಬೀಳೋದು ಜೂನಿಂದ ಸೆಪ್ಟೆಂಬರ್ ಒಳಗೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಒಂದು ಮಗುವಿಗೆ ಸಾಕಾಗುವಷ್ಟು ಇದೆ. ಅವಳು ಇಷ್ಟು ದಿನ ನೋಡಿದ್ದು ನಿಂತ ಸೂರು, ಒಂದು ಸಲ ಹರಿಯುವ ಸೂರನ್ನೂ ನೋಡಲಿ. ಹಿತ್ತಲ ಕಡೆಯ ಗುಳಿಗಳಲ್ಲಿ ಹರಳು ಹೆಕ್ಕಲಿ. ಬಾಜಿ ಕಟ್ಟುವುದನ್ನು ನಾನೇ ಹೇಳಿಕೊಡುತ್ತೇನೆ, ನಿನ್ನ ಹತ್ತಿರ ಕಲಿತರೆ ಎಲೆ ಸಿಕ್ಕಿಸುವುದನ್ನೂ ಕಲಿಯುತ್ತಾಳೆ.

ತೊಂದರೆಗಳನ್ನೂ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನಿನ್ನ ಹೆಂಡತಿ ನನ್ನನ್ನು ಬೈಯಬಾರದು. ಕರೆಂಟ್ ಹೋದರೆ ಎರಡು ಮೂರು ದಿನ ಬರದೇ ಇರಬಹುದು. ಒಗೆದ ಬಟ್ಟೆ ಒಣಗೋದಿಲ್ಲ, ಒಲೆ ಮೇಲೆ ಹರವಬೇಕು, ಹೊಗೆ ವಾಸನೆ ಬರುತ್ತೆ. ತೋಟಕ್ಕೆ ಇಳಿದರೆ ಇಂಬಳ, ಅದೇ ಜಿಗಣೆ, ಹತ್ತುತ್ತೆ, ಸುಣ್ಣ ಹೊಗೆಸೊಪ್ಪು ಹಚ್ಚಿಕೊಂಡು ಹೋದರೆ ಪರವಾಗಿಲ್ಲ. ಮೊಬೈಲ್ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. 2023ರಿಂದ ಶಿವಮೊಗ್ಗಕ್ಕೇ ವಿಮಾನ ಇದೆ, ಆದರೆ ಆ ಮಳೆಯಲ್ಲಿ ನನಗೆ ರೈಲಿನ ಮೇಲೇ ನಂಬಿಕೆ. ರಾತ್ರಿ ಬೆಂಗಳೂರಲ್ಲಿ ಹತ್ತಿ ಮಲಗಿದರೆ ಬೆಳಗ್ಗೆ ಶಿವಮೊಗ್ಗ, ನಾನು ಜೀಪು ತಂದು ನಿಂತಿರುತ್ತೇನೆ.

ಟಿಕೆಟ್ ಆದ ತಕ್ಷಣ ತಿಳಿಸು. ಜಗಲಿಗೆ ಎರಚಲು ಹೊಡೆಯದ ಹಾಗೆ ಈ ಸಲ ತಟ್ಟಿ ಕಟ್ಟಿಸಬೇಕು, ಆದರೆ ನೀವು ಕೂರುವ ಕಡೆ ಒಂದು ಅಂಕಣ ಖಾಲಿ ಬಿಡಲು ಹೇಳಬೇಕು. ತಟ್ಟಿ ಕಟ್ಟುವವರು ಮೇ ತಿಂಗಳು ಕಳೆದರೆ ಕೈಗೆ ಸಿಗೋದಿಲ್ಲ.

ಇಂತಿ,
ಬಾಜಿಯಲ್ಲಿ ಸೋತು ಸೋತೇ ದೊಡ್ಡವನಾದ ನಿನ್ನ ಗೆಳೆಯ